ಫೋನ್ ನೌಕರಿ: ಕರೆಗಳ ಹೊರೆಗೆ ಮಿತಿ ಹಾಕುವವರು ಯಾರು?

ಯಳವಿ (ಜತ್ತ ತಾಲ್ಲೂಕು): ಗಡಿಭಾಗದ ಕನ್ನಡ ಮನೆತನಗಳಿಗೆ ಕಾಲ್ ಸೆಂಟರ್ ಎಂಬ ಹೆಸರು ಈಗ ಹೊಸದಲ್ಲ. ಪದವಿ ಮುಗಿಸಿದ ಮಕ್ಕಳು ಪುಣೆಯ ಬಸ್ಸು ಹತ್ತುತ್ತಾರೆ, ಇಲ್ಲವೇ ವಿಜಯಪುರಕ್ಕೆ ಹೋಗಿ ಬೆಂಗಳೂರಿನ ಗಾಡಿ ಹಿಡಿಯುತ್ತಾರೆ. ಮಗ ಅಥವಾ ಮಗಳು ಎ.ಸಿ. ರೂಮಿನಲ್ಲಿ ಕುಂತು ಫೋನಿನಲ್ಲಿ ಮಾತಾಡುವ ನೌಕರಿ ಮಾಡ್ತಾರ ಎಂದು ಪಾಲಕರು ಹೇಳಿಕೊಳ್ಳುವಾಗ ದನಿಯಲ್ಲಿ ಸಮಾಧಾನ ಇರುತ್ತದೆ. ಬಿಸಿಲಿಲ್ಲ, ಕೊಡಲಿ ಕುಡುಗೋಲಿಲ್ಲ, ತಿಂಗಳಿಗೆ ಪಗಾರ ಬ್ಯಾಂಕಿಗೆ ಬೀಳುತ್ತದೆ. ಆದರೆ ಅದೇ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಎರಡು ದಿನ ಬರೇ ಮಲಗಿ ಎದ್ದು ಹೋಗುವುದು, ಮನೆಯಲ್ಲಿ ಫೋನ್ ಬಾರಿಸಿದರೆ ಬೆಚ್ಚುವುದು, ಆರು ತಿಂಗಳಿಗೊಂದು ಕಂಪನಿ ಬದಲಿಸುವುದು ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಈ ಪ್ರಶ್ನೆ ಈಗ ಮುಂದೆ ಬರಲು ಕಾರಣಗಳಿವೆ. ಕರ್ನಾಟಕ ಸರ್ಕಾರ 2024 ಮತ್ತು 2025ರಲ್ಲಿ ಎರಡು ಸಲ ದುಡಿಮೆಯ ತಾಸು ಹೆಚ್ಚಿಸುವ ಪ್ರಸ್ತಾವ ಮುಂದಿಟ್ಟಿತು. ಮಹಾರಾಷ್ಟ್ರ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಇಂಥದೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಗಡಿಯ ಎರಡೂ ಬದಿಯಲ್ಲಿ ನಿಯಮ ಬದಲಾಗುತ್ತಿರುವ ಹೊತ್ತಿನಲ್ಲಿ, ಎರಡೂ ಬದಿಗೆ ಮಕ್ಕಳನ್ನು ಕಳಿಸಿರುವ ಜತ್ತ ಸೀಮೆಯ ಮನೆಗಳು ಇದನ್ನು ತಿಳಿದಿರುವುದು ಅಗತ್ಯ.

ಭಾಷೆಯೇ ಬಂಡವಾಳ

ಯಳವಿ, ಮುಚಂಡಿ, ಸಂಖ, ಉಮದಿಯಂಥ ಊರುಗಳ ಸೀಮೆಯಲ್ಲಿ ಮಳೆ ನಂಬಿಕೊಂಡು ಕೂಡುವಂತಿಲ್ಲ. ಮ್ಹೈಸಾಳ ಏತ ನೀರಾವರಿಯ ನೀರು ಬಂದ ಕಡೆ ದ್ರಾಕ್ಷಿ, ದಾಳಿಂಬೆ ನಿಂತಿದೆ. ಬಾರದ ಕಡೆ ಗುಳೆ ತಪ್ಪಿಲ್ಲ. ಹಿಂದಿನ ತಲೆಮಾರು ಕಬ್ಬು ಕಡಿಯಲು ಹೋಯಿತು, ಕಲಿತ ತಲೆಮಾರು ಹೆಡ್‌ಫೋನ್ ಹಾಕಿಕೊಂಡಿತು.

ಇಲ್ಲಿಯ ಮಕ್ಕಳಿಗೆ ಒಂದು ಅನುಕೂಲ ತಾನಾಗಿ ಬಂದಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಟಿ.ವಿ.ಯಿಂದ ಹಿಂದಿ. ಬ್ಯಾಂಕು, ವಿಮೆ, ಮೊಬೈಲ್ ಕಂಪನಿ, ಆನ್‌ಲೈನ್ ಅಂಗಡಿಗಳ ಗ್ರಾಹಕ ಸೇವೆಗೆ ಮೂರೂ ಭಾಷೆ ಬಲ್ಲವರು ಬೇಕು. ಬೆಂಗಳೂರಿನ ಕಾಲ್ ಸೆಂಟರ್ ಎಂದರೆ ಒಂದು ಕಾಲಕ್ಕೆ ಅಮೆರಿಕದವರ ಜೊತೆ ರಾತ್ರಿ ಇಂಗ್ಲಿಷ್ ಮಾತಾಡುವುದು ಎಂದಿತ್ತು. ಈಗ ದೇಶದೊಳಗಿನ ಕರೆಗಳ ಕೆಲಸವೂ ದೊಡ್ಡದಾಗಿದೆ. ಗೋಕಾಕದ ಗ್ರಾಹಕನಿಗೂ ಮಿರಜಿನ ಗ್ರಾಹಕನಿಗೂ ಒಬ್ಬನೇ ಹುಡುಗ ಉತ್ತರ ಕೊಡಬಲ್ಲ. ಆದರೆ ಇಂಗ್ಲಿಷ್ ಪ್ರೊಸೆಸ್‌ಗೆ ಸಿಗುವ ಪಗಾರ ಪ್ರಾದೇಶಿಕ ಭಾಷೆಯ ಪ್ರೊಸೆಸ್‌ಗೆ ಸಿಗುವುದಿಲ್ಲ. ಮೂರು ಭಾಷೆಯ ಕರೆ ಒಬ್ಬನ ತಲೆಗೇ ಬಂದರೂ ಪಗಾರ ಮೂರು ಪಟ್ಟಾಗುವುದಿಲ್ಲ.

ತಾಸಿನ ಹೊರೆಯಲ್ಲ, ಕ್ಷಣದ ಹೊರೆ

ಈ ಕೆಲಸದ ಭಾರ ಹೊರಗಿನವರಿಗೆ ಕಾಣದಿರಲು ಕಾರಣವಿದೆ. ಎಂಟೊಂಬತ್ತು ತಾಸು ಕುರ್ಚಿಯಲ್ಲಿ ಕೂಡುವುದರಲ್ಲಿ ಏನು ಕಷ್ಟ ಎಂದು ಹೊಲದಲ್ಲಿ ಬೆನ್ನು ಬಗ್ಗಿಸಿದವರಿಗೆ ಅನಿಸುವುದು ಸಹಜ. ಭಾರ ತಾಸಿನಲ್ಲಿಲ್ಲ, ವೇಗದಲ್ಲಿದೆ.

ಕರೆ ಹಂಚುವುದು ಮನುಷ್ಯನಲ್ಲ, ಯಂತ್ರ. ಒಂದು ಕರೆ ಮುಗಿದ ಕೆಲವೇ ಕ್ಷಣಗಳಲ್ಲಿ ಇನ್ನೊಂದು ಕಿವಿಗೆ ಬೀಳುತ್ತದೆ. ಪ್ರತಿ ಕರೆ ಸರಾಸರಿ ಎಷ್ಟು ನಿಮಿಷದಲ್ಲಿ ಮುಗಿಯಬೇಕು ಎಂಬುದಕ್ಕೆ ಲೆಕ್ಕವಿದೆ. ಕರೆ ಮುಗಿದ ಮೇಲೆ ಟಿಪ್ಪಣಿ ಬರೆಯಲು ಇಷ್ಟೇ ಸೆಕೆಂಡು, ಊಟಕ್ಕೆ ಇಷ್ಟೇ ನಿಮಿಷ, ಶೌಚಕ್ಕೆ ಎದ್ದರೂ ಕಂಪ್ಯೂಟರಿನಲ್ಲಿ ಗುಂಡಿ ಒತ್ತಿ ಏಳಬೇಕು. ಮಾತೆಲ್ಲ ರೆಕಾರ್ಡ್ ಆಗುತ್ತದೆ. ‘ಕ್ವಾಲಿಟಿ’ ವಿಭಾಗದವರು ಅದನ್ನು ಕೇಳಿ ಅಂಕ ಹಾಕುತ್ತಾರೆ. ಗ್ರಾಹಕ ಬೈದರೂ ದನಿ ಏರಿಸುವಂತಿಲ್ಲ. ಮುದುಕರೊಬ್ಬರು ಫೋನ್ ಮಾಡಿ ನಿಧಾನಕ್ಕೆ ತಮ್ಮ ಕಷ್ಟ ಹೇಳಿಕೊಂಡರೆ ಅವರಿಗೆ ಸಮಾಧಾನದಿಂದ ಉತ್ತರಿಸಿದವನ ಸರಾಸರಿ ಸಮಯ ಕೆಡುತ್ತದೆ. ಬೇಗ ಮುಗಿಸಿದರೆ ಗುಣಮಟ್ಟದ ಅಂಕ ಬೀಳುತ್ತದೆ. ಎರಡನ್ನೂ ಒಟ್ಟಿಗೆ ಸಾಧಿಸಬೇಕು, ಇಲ್ಲದಿದ್ದರೆ ಇನ್ಸೆಂಟಿವ್ ಹೋಯಿತು.

ಸಾಲ ವಸೂಲಿಯ ಕರೆಗಳ ಪಾಡು ಬೇರೆ. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬಾಕಿದಾರರಿಗೆ ವಸೂಲಿ ಕರೆ ಮಾಡಬಾರದೆಂದು ಬ್ಯಾಂಕುಗಳಿಗೂ ಹಣಕಾಸು ಕಂಪನಿಗಳಿಗೂ ಸೂಚಿಸಿತು. ಅದು ಸಾಲಗಾರನ ನೆಮ್ಮದಿಗಾಗಿ ಮಾಡಿದ ನಿಯಮ, ಬೇಕಾದದ್ದೇ. ಆದರೆ ಆ ಹನ್ನೊಂದು ತಾಸಿನೊಳಗೆ ಒಬ್ಬ ನೌಕರ ಎಷ್ಟು ಕರೆ ಮಾಡಬೇಕು ಎಂಬುದಕ್ಕೆ ಅಂಥ ಮಿತಿ ಇಲ್ಲ. ಸಾಲದ ಕಂತು ಕಟ್ಟದ ರೈತನೂ ನಮ್ಮವನೇ, ಅವನಿಗೆ ಫೋನ್ ಮಾಡಿ ಬೈಸಿಕೊಳ್ಳುವ ಹುಡುಗನೂ ನಮ್ಮವನೇ. ಒಬ್ಬನಿಗೆ ಅರ್ಧಂಬರ್ಧ ರಕ್ಷಣೆ ಸಿಕ್ಕಿತು, ಇನ್ನೊಬ್ಬನಿಗೆ ಅಷ್ಟೂ ಇಲ್ಲ.

ನೋಯಿಡಾದ ವಿ.ವಿ. ಗಿರಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಬಾಬು ಪಿ. ರಮೇಶ್ 2004ರಲ್ಲಿಯೇ ಪ್ರಕಟಿಸಿದ ಅಧ್ಯಯನದಲ್ಲಿ ಈ ನೌಕರರನ್ನು ‘ಸೈಬರ್ ಕೂಲಿ’ಗಳು ಎಂದು ಕರೆದಿದ್ದರು. ಕಂಪನಿಗಳ ಕಡೆಯವರಿಗೆ ಆ ಮಾತು ರುಚಿಸಲಿಲ್ಲ. ಎರಡು ದಶಕ ಕಳೆದ ಮೇಲೆ ನೋಡಿದರೆ ನಿಗಾ ಇಡುವ ಯಂತ್ರ ಇನ್ನಷ್ಟು ಚುರುಕಾಗಿದೆಯೇ ಹೊರತು ಕೂಲಿಯ ಪಾಡು ತಪ್ಪಿಲ್ಲ.

ಕಬ್ಬಿನವರಿಗೆ ಇದ್ದದ್ದು ಇವರಿಗೆ ಇಲ್ಲ

ಜತ್ತ ಭಾಗದವರಿಗೆ ಹೊರೆ ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಕಬ್ಬು ಕಡಿಯುವವರ ಬಾಳು ಯಾವ ರೀತಿಯಿಂದಲೂ ಸುಖದ್ದಲ್ಲ. ಮುಕಾದಮನ ಹತ್ತಿರ ಮುಂಗಡ ಉಚಲ ತೆಗೆದುಕೊಂಡು ಸೀಸನ್ ಪೂರ್ತಿ ಅದನ್ನು ತೀರಿಸುವ ಪಾಡು ಅದು. ಆದರೂ ಒಂದು ವಿಷಯ ಗಮನಿಸಬೇಕು. ಮಹಾರಾಷ್ಟ್ರದಲ್ಲಿ ಟನ್ನಿಗೆ ಎಷ್ಟು ಕೂಲಿ ಎಂಬುದನ್ನು ಕಾರ್ಮಿಕ ಸಂಘಟನೆಗಳೂ ಸಕ್ಕರೆ ಕಾರ್ಖಾನೆಗಳ ಒಕ್ಕೂಟವೂ ಎದುರು ಬದುರು ಕುಂತು ತೀರ್ಮಾನಿಸುವ ಪದ್ಧತಿ ಇದೆ. 2024ರ ಜನವರಿಯಲ್ಲಿ ಶರದ್ ಪವಾರ್ ಮತ್ತು ಪಂಕಜಾ ಮುಂಡೆ ಅವರ ಮಧ್ಯಸ್ಥಿಕೆಯಲ್ಲಿ ಶೇ 34ರಷ್ಟು ಹೆಚ್ಚಳ ಒಪ್ಪಿತವಾದದ್ದು ಹಾಗೆಯೇ. ಕೊಯ್ತಾ ಹಿಡಿದವರು ಮುಷ್ಕರದ ಬಲದಿಂದ ಮೇಜಿನ ಮುಂದೆ ಕೂಡುವ ಹಕ್ಕು ಗಳಿಸಿಕೊಂಡರು.

ಹಮಾಲರದ್ದೂ ಇದೇ ಕಥೆ. ಅಣ್ಣಾಸಾಹೇಬ ಪಾಟೀಲರು ಕಟ್ಟಿದ ಮಾಥಾಡಿ ಚಳವಳಿಯ ಫಲವಾಗಿ 1969ರಲ್ಲಿ ಮಹಾರಾಷ್ಟ್ರ ಮಾಥಾಡಿ ಕಾಯ್ದೆ ತಂದಿತು. ಪುಣೆಯಲ್ಲಿ ಬಾಬಾ ಆಢಾವರ ಹಮಾಲ ಪಂಚಾಯತಿ ಬೆಳೆಯಿತು. ನೂರು ಕಿಲೋ ಚೀಲ ಬೆನ್ನಿಗೆ ಹೇರುವುದು ನಿಲ್ಲಬೇಕು, ಚೀಲ ಐವತ್ತು ಕಿಲೋ ಮೀರಬಾರದು ಎಂಬ ಬೇಡಿಕೆ ಎಬ್ಬಿಸಿದ್ದು ಹಮಾಲರ ಸಂಘಟನೆಗಳೇ. ಚೀಲದ ತೂಕ ಕಣ್ಣಿಗೆ ಕಾಣುತ್ತದೆ, ತಕ್ಕಡಿಯಲ್ಲಿ ಇಡಬಹುದು. ಕರೆಯ ತೂಕ ಕಾಣುವುದಿಲ್ಲ. ಪದವಿ ಪಡೆದ ಹುಡುಗನಿಗೆ ತನ್ನ ಹೊರೆ ಎಷ್ಟಿರಬೇಕೆಂದು ಕೇಳುವ ಮೇಜು ಇಲ್ಲ. ಟಾರ್ಗೆಟ್ ಮೇಲಿನಿಂದ ಬರುತ್ತದೆ, ಟೀಂ ಲೀಡರ್ ಅದನ್ನು ಮೇಲ್‌ನಲ್ಲಿ ಹಾಕುತ್ತಾನೆ, ಅಷ್ಟೇ. ಸಂಘದ ಅಗತ್ಯ ಹುಟ್ಟುವುದು ಇಲ್ಲಿ.

ಬೆಂಗಳೂರು: ಎರಡು ದಶಕದ ಪ್ರಯತ್ನ

ಕಾಲ್ ಸೆಂಟರ್ ನೌಕರರನ್ನು ಸಂಘಟಿಸುವ ಯತ್ನ ಬೆಂಗಳೂರಿನಲ್ಲಿ ಮೊದಲು ಗಟ್ಟಿಯಾಗಿ ಕಂಡದ್ದು 2005ರಲ್ಲಿ. ಅಂತಾರಾಷ್ಟ್ರೀಯ ಒಕ್ಕೂಟವಾದ ಯೂನಿಯ ಬೆಂಬಲದಿಂದ ‘ಯುನೈಟ್ಸ್’ ಎಂಬ ಸಂಘ ಹುಟ್ಟಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ರಾತ್ರಿ ಪಾಳಿಗೆ ಹೊರಟಿದ್ದ ಕಾಲ್ ಸೆಂಟರ್ ನೌಕರಳೊಬ್ಬಳನ್ನು ವಾಹನ ಚಾಲಕ ಕೊಂದ ಪ್ರಕರಣ ದೇಶವನ್ನೇ ನಡುಗಿಸಿತು. ಸುರಕ್ಷಿತ ಸಾರಿಗೆ ಕೊಡುವುದು ಕಂಪನಿಯ ಹೊಣೆಯೇ ಅಲ್ಲವೇ ಎಂಬ ಪ್ರಶ್ನೆ ನ್ಯಾಯಾಲಯ ತಲುಪಿತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಂಪನಿ ಮುಖ್ಯಸ್ಥರ ಮೇಲೆ ದಾಖಲಾಗಿದ್ದ ದೂರನ್ನು ರದ್ದುಪಡಿಸಲು ಸುಪ್ರೀಂ ಕೋರ್ಟ್ 2008ರಲ್ಲಿ ನಿರಾಕರಿಸಿತು. ರಾತ್ರಿ ಪಾಳಿಯ ಹೆಣ್ಣುಮಕ್ಕಳ ಸುರಕ್ಷತೆ ಕಂಪನಿಯ ದಾನವಲ್ಲ, ಕಾನೂನಿನ ಕರ್ತವ್ಯ ಎಂಬುದು ಅಲ್ಲಿಂದ ಮುಂದೆ ಮಾತಿಗೆ ಬಂತು.

2017ರಲ್ಲಿ ಕರ್ನಾಟಕ ರಾಜ್ಯ ಐ.ಟಿ., ಐ.ಟಿ.ಇ.ಎಸ್. ನೌಕರರ ಸಂಘ, ಜನರ ಬಾಯಲ್ಲಿ ‘ಕಿಟು’, ನೋಂದಣಿಯಾಯಿತು. ಐ.ಟಿ.ಇ.ಎಸ್. ಎಂದರೆ ಕಾಲ್ ಸೆಂಟರ್, ಬಿ.ಪಿ.ಒ. ಕೆಲಸವೂ ಸೇರಿತು. ಸಾಫ್ಟ್‌ವೇರ್ ಎಂಜಿನಿಯರ್‌ಗಳಿಗೆ ಸಂಘ ಏಕೆ ಎಂದು ನಕ್ಕವರು ಇದ್ದರು. 2024ರ ಜುಲೈನಲ್ಲಿ ನಗೆ ನಿಂತಿತು.

ಕರ್ನಾಟಕದ 1961ರ ಕಾಯ್ದೆಯ ಪ್ರಕಾರ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಮಿತಿ. ಹೆಚ್ಚುವರಿ ದುಡಿಮೆ ಸೇರಿದರೂ ದಿನಕ್ಕೆ 10 ತಾಸು ದಾಟುವಂತಿಲ್ಲ, ಮೂರು ತಿಂಗಳಿಗೆ ಒಟ್ಟು 50 ತಾಸಿಗಿಂತ ಹೆಚ್ಚು ಓವರ್‌ಟೈಂ ಇಲ್ಲ. ಐ.ಟಿ., ಐ.ಟಿ.ಇ.ಎಸ್., ಬಿ.ಪಿ.ಒ. ವಲಯದಲ್ಲಿ ದಿನಕ್ಕೆ 12 ತಾಸಿಗಿಂತ ಹೆಚ್ಚು ದುಡಿಸಲು, ಮೂರು ತಿಂಗಳಿಗೆ 125 ತಾಸು ಹೆಚ್ಚುವರಿ ದುಡಿಸಲು ಅವಕಾಶ ಕೊಡುವ ತಿದ್ದುಪಡಿ 2024ರ ಜುಲೈನಲ್ಲಿ ಚರ್ಚೆಗೆ ಬಂತು. ಇದು ದಿನಕ್ಕೆ 14 ತಾಸಿನ ದುಡಿಮೆ ಎಂದು ಕಿಟು ಬೀದಿಗಿಳಿಯಿತು. ಮೂರು ಪಾಳಿಯ ಕಡೆ ಎರಡೇ ಪಾಳಿ ಸಾಕಾಗಿ ಮೂರನೇ ಒಂದು ಪಾಲು ಜನರ ನೌಕರಿಯೇ ಹೋಗುತ್ತದೆ ಎಂಬುದು ಸಂಘದ ವಾದ. ಆಗಸ್ಟ್‌ನಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಪ್ರತಿಭಟನೆ ನಡೆಯಿತು. ಇದು ಸರ್ಕಾರದ ಆಸೆಯಲ್ಲ, ಉದ್ಯಮದ ಒತ್ತಡ ಎಂಬರ್ಥದಲ್ಲಿ ಕಾರ್ಮಿಕ ಸಚಿವ ಸಂತೋಷ್ ಲಾಡ್ ಮಾತಾಡಬೇಕಾಯಿತು. ಪ್ರಸ್ತಾವ ಮುಂದೆ ಸಾಗಲಿಲ್ಲ.

2025ರ ಜೂನ್‌ನಲ್ಲಿ ಅದೇ ವಿಷಯ ಬೇರೆ ಅಂಕಿಯಲ್ಲಿ ಮರಳಿತು: ದಿನಕ್ಕೆ 10 ತಾಸು, ಓವರ್‌ಟೈಂ ಸೇರಿ 12 ತಾಸು, ಮೂರು ತಿಂಗಳಿಗೆ 144 ತಾಸು. ಸಂಘ ಮತ್ತೆ ವಿರೋಧಿಸಿತು. ನಡುವೆ ವಾರಕ್ಕೆ 70 ತಾಸು ದುಡಿಯಬೇಕೆಂಬ ಎನ್.ಆರ್. ನಾರಾಯಣಮೂರ್ತಿ ಅವರ 2023ರ ಮಾತು, 90 ತಾಸಿನ ಬಗ್ಗೆ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಮಾತು ಚರ್ಚೆಯಾಗಿದ್ದವು. 2025ರ ಮಾರ್ಚ್‌ನಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಸೇರಿದ ನೌಕರರು ಕೆಲಸ ಮುಗಿದ ಮೇಲೆ ಫೋನ್, ಮೇಲ್‌ಗೆ ಉತ್ತರಿಸದಿರುವ ಹಕ್ಕು ಬೇಕೆಂದು ಕೇಳಿದರು.

ಇಷ್ಟನ್ನು ನೋಡಿದರೆ ಸಂಘದ ಬಲ ಯಾವುದರಲ್ಲಿದೆ, ಮಿತಿ ಯಾವುದರಲ್ಲಿದೆ ಎಂಬುದು ತಿಳಿಯುತ್ತದೆ. ಕೆಟ್ಟ ಕಾನೂನು ಬರುವುದನ್ನು ತಡೆಯುವುದರಲ್ಲಿ ಅದು ಗೆದ್ದಿದೆ. ಆದರೆ ಒಂಬತ್ತು ತಾಸಿನೊಳಗೆ ಎಷ್ಟು ಕರೆ ತುರುಕಬಹುದು ಎಂಬ ಲೆಕ್ಕ ಇನ್ನೂ ಪೂರ್ತಿ ಕಂಪನಿಯ ಕೈಯಲ್ಲಿದೆ.

ಪುಣೆಯ ಕಡೆ ಏನಿದೆ?

ಪುಣೆಯಲ್ಲಿ ‘ನೈಟ್ಸ್’ ಮತ್ತು ‘ಫೈಟ್’ ಎಂಬ ಎರಡು ಸಂಘಟನೆಗಳ ಹೆಸರು ಐ.ಟಿ. ನೌಕರರಿಗೆ ಪರಿಚಿತ. ಹರ್‌ಪ್ರೀತ್ ಸಿಂಗ್ ಸಲೂಜಾ ಮುಂದಾಳುತನದ ನೈಟ್ಸ್, ಕೆಲಸದಿಂದ ತೆಗೆದುಹಾಕಿದ ಪ್ರಕರಣಗಳನ್ನು ಕಾರ್ಮಿಕ ಇಲಾಖೆಗೆ ಒಯ್ಯುವುದರಲ್ಲಿ ಹೆಸರು ಮಾಡಿದೆ. 2025ರ ಫೆಬ್ರುವರಿಯಲ್ಲಿ ಮೈಸೂರಿನ ಇನ್ಫೊಸಿಸ್ ಆವರಣದಿಂದ ತರಬೇತಿ ಅಭ್ಯರ್ಥಿಗಳನ್ನು ಹೊರಹಾಕಿದಾಗ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿದ್ದು ಪುಣೆಯ ಈ ಸಂಘಟನೆಯೇ. ಕರ್ನಾಟಕದ ಅಧಿಕಾರಿಗಳು ಬಳಿಕ ಅಲ್ಲಿ ತಪಾಸಣೆ ನಡೆಸಿದರು. ರಾಜ್ಯದ ಗಡಿ ಸಂಘಕ್ಕೆ ಅಡ್ಡಿಯಲ್ಲ ಎಂಬುದಕ್ಕೆ ಇದು ಸಾಕ್ಷಿ.

2024ರ ಜುಲೈನಲ್ಲಿ ಪುಣೆಯ ಅರ್ನ್‌ಸ್ಟ್ ಅಂಡ್ ಯಂಗ್ ಕಚೇರಿಯ 26 ವರ್ಷದ ಲೆಕ್ಕಪರಿಶೋಧಕಿ ತೀರಿಕೊಂಡಾಗ, ಅತಿಯಾದ ಕೆಲಸದ ಹೊರೆಯೇ ಕಾರಣ ಎಂದು ತಾಯಿ ಬರೆದ ಪತ್ರ ಸೆಪ್ಟೆಂಬರ್‌ನಲ್ಲಿ ದೇಶದೆಲ್ಲೆಡೆ ಓಡಾಡಿತು. ಕಂಪನಿ ಆ ಆರೋಪವನ್ನು ಒಪ್ಪಲಿಲ್ಲ. ಆದರೆ ಕಾರ್ಮಿಕ ಇಲಾಖೆ ತಪಾಸಣೆಗೆ ಹೋದಾಗ ಗೊತ್ತಾದ ಸಂಗತಿ ಬೇರೆ: 2007ರಿಂದ ನಡೆಯುತ್ತಿದ್ದ ಆ ಕಚೇರಿಗೆ ಅಂಗಡಿ ಕಾಯ್ದೆಯಡಿ ನೋಂದಣಿಯೇ ಇರಲಿಲ್ಲ. ನೋಂದಣಿಯೇ ಇಲ್ಲದ ಕಡೆ ದುಡಿಮೆಯ ತಾಸು ಅಳೆಯುವವರು ಯಾರು? ಅದು ಕಾಲ್ ಸೆಂಟರ್ ಅಲ್ಲ, ನಿಜ. ಆದರೂ ಅಷ್ಟು ದೊಡ್ಡ ಹೆಸರಿನ ಕಚೇರಿಯಲ್ಲೇ ಹೀಗಾದರೆ ಬಾಡಿಗೆ ಮಜಲೆಯಲ್ಲಿ ಐವತ್ತು ಕುರ್ಚಿ ಹಾಕಿ ನಡೆಸುವ ಸಣ್ಣ ಕಾಲ್ ಸೆಂಟರ್‌ಗಳ ಗತಿ ಏನು ಎಂಬ ಪ್ರಶ್ನೆ ಉಳಿಯುತ್ತದೆ.

ಇದರ ಮರುವರ್ಷವೇ, 2025ರ ಸೆಪ್ಟೆಂಬರ್ 3ರಂದು, ಮಹಾರಾಷ್ಟ್ರ ಸಚಿವ ಸಂಪುಟ ಅಂಗಡಿ ಮತ್ತು ಸಂಸ್ಥೆಗಳಲ್ಲಿ ದಿನದ ದುಡಿಮೆಯನ್ನು 9ರಿಂದ 10 ತಾಸಿಗೆ, ಮೂರು ತಿಂಗಳ ಓವರ್‌ಟೈಂ ಮಿತಿಯನ್ನು 125ರಿಂದ 144 ತಾಸಿಗೆ ಏರಿಸಲು ಒಪ್ಪಿತು. 20 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಇದು ಅನ್ವಯ. ಬೆಂಗಳೂರಿನಲ್ಲಿ ಸಂಘದ ವಿರೋಧದಿಂದ ಒಮ್ಮೆ ನಿಂತ ಮಾತು ಮುಂಬೈಯಲ್ಲಿ ಹೆಚ್ಚು ಸದ್ದಿಲ್ಲದೆ ಸಾಗಿತು. ವ್ಯತ್ಯಾಸ ಎಲ್ಲಿದೆ ಎಂಬುದನ್ನು ಓದುಗರೇ ಊಹಿಸಬಹುದು.

ಕಾಗದದ ಮೇಲಿನ ಹಕ್ಕು

ಊರು ಯಾವುದೇ ಇರಲಿ, ಕೆಲಸ ಮಾಡುವ ಜಾಗ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಅಂಗಡಿ ಕಾಯ್ದೆ ಅನ್ವಯಿಸುತ್ತದೆ. ಯಳವಿಯ ಹುಡುಗ ಬೆಂಗಳೂರಿನಲ್ಲಿದ್ದರೆ ಕರ್ನಾಟಕದ ಕಾಯ್ದೆ, ಪುಣೆಯಲ್ಲಿದ್ದರೆ ಮಹಾರಾಷ್ಟ್ರದ್ದು. ಸತತ ಐದು ತಾಸು ದುಡಿದ ಮೇಲೆ ಕರ್ನಾಟಕದಲ್ಲಿ ಒಂದು ತಾಸು ಬಿಡುವು ಕಡ್ಡಾಯ, ಮಹಾರಾಷ್ಟ್ರದ 2017ರ ಕಾಯ್ದೆಯಲ್ಲೂ ಅರ್ಧ ತಾಸಿನ ಬಿಡುವು ಇದೆ. ಹೆಚ್ಚುವರಿ ದುಡಿಮೆಗೆ ಎರಡೂ ಕಡೆ ಎರಡು ಪಟ್ಟು ದರ ಕೊಡಬೇಕು. ಪಗಾರ 21,000 ರೂಪಾಯಿ ಒಳಗಿದ್ದರೆ ಇ.ಎಸ್.ಐ. ವ್ಯಾಪ್ತಿ ಇದೆ. ನೌಕರನ ಪಗಾರದಿಂದ ಶೇ 0.75, ಮಾಲೀಕನಿಂದ ಶೇ 3.25 ಕಟ್ಟಬೇಕು. ದನಿ ಹೋದರೆ, ಕಿವಿಗೆ ತೊಂದರೆಯಾದರೆ, ಮನಸ್ಸಿಗೆ ಕಾಯಿಲೆಯಾದರೆ ಈ ಕಾರ್ಡೇ ಆಸರೆ. ಎಷ್ಟೋ ಮಕ್ಕಳಿಗೆ ಪಗಾರದ ಚೀಟಿಯಲ್ಲಿ ಕಡಿತ ಕಾಣುತ್ತದೆ, ಅದರಿಂದ ಸಿಗುವ ಆಸ್ಪತ್ರೆ ಎಲ್ಲಿದೆ ಎಂಬುದು ಗೊತ್ತಿರುವುದಿಲ್ಲ.

ಹೊಸ ಸಂಹಿತೆಗಳಲ್ಲಿ ಒಳ್ಳೆಯದೂ ಇದೆ, ಕಷ್ಟದ್ದೂ ಇದೆ. ನೇಮಕಾತಿ ಪತ್ರ ಕಡ್ಡಾಯ. ಕೆಲಸ ಬಿಟ್ಟರೂ ತೆಗೆದರೂ ಎರಡು ಕೆಲಸದ ದಿನದೊಳಗೆ ಪಗಾರದ ಬಾಕಿ ಚುಕ್ತಾ ಮಾಡಬೇಕು. ‘ನೋಟಿಸ್ ಪಿರಿಯಡ್ ಮುಗಿಸಿಲ್ಲ, ಪಗಾರ ಇಲ್ಲ’ ಎಂದು ತಿಂಗಳುಗಟ್ಟಲೆ ಸತಾಯಿಸುವವರಿಗೆ ಇದು ಉತ್ತರ. 20ಕ್ಕಿಂತ ಕಡಿಮೆ ಇಲ್ಲದಷ್ಟು ಕಾರ್ಮಿಕರು ಇರುವಲ್ಲಿ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮಸಮ ಇರಬೇಕು. ಮಹಿಳೆಯರನ್ನು ರಾತ್ರಿ ಪಾಳಿಗೆ ಹಾಕಲು ಅವರ ಒಪ್ಪಿಗೆ ಬೇಕು.

ಕಷ್ಟದ್ದು ಎಂದರೆ, ಕಂಪನಿಯೊಂದಿಗೆ ಏಕೈಕ ಮಾತುಕತೆಯ ಸಂಘವಾಗಲು ಶೇ 51ರಷ್ಟು ಕಾರ್ಮಿಕರ ಬೆಂಬಲ ಬೇಕು. ಆರು ತಿಂಗಳಿಗೆ ಜನ ಬದಲಾಗುವ ಕಡೆ ಅಷ್ಟು ಸದಸ್ಯರನ್ನು ಹಿಡಿದಿಡುವುದು ಸುಲಭವಲ್ಲ. ಮುಷ್ಕರಕ್ಕೂ 14 ದಿನದ ನೋಟಿಸು ಬೇಕು. ಸೇವಾ ನಿಯಮಗಳ ಸ್ಥಾಯಿ ಆದೇಶ 300 ಕಾರ್ಮಿಕರಿಗಿಂತ ಕಡಿಮೆ ಇರುವ ಸಂಸ್ಥೆಗೆ ಕಡ್ಡಾಯವಲ್ಲ. ಕರ್ನಾಟಕವಂತೂ 1946ರ ಹಳೆಯ ಸ್ಥಾಯಿ ಆದೇಶ ಕಾಯ್ದೆಯಿಂದ ಐ.ಟಿ. ವಲಯಕ್ಕೆ 2014ರಲ್ಲಿ, ಮತ್ತೆ 2019ರಲ್ಲಿ ಐದೈದು ವರ್ಷ ವಿನಾಯಿತಿ ಕೊಟ್ಟಿತ್ತು. ವಿನಾಯಿತಿಗೆ ಷರತ್ತುಗಳಿದ್ದವು: ಕುಂದುಕೊರತೆ ಸಮಿತಿ ಇರಬೇಕು, ಲೈಂಗಿಕ ಕಿರುಕುಳ ತಡೆ ಸಮಿತಿ ಇರಬೇಕು, ಯಾರನ್ನಾದರೂ ಅಮಾನತು ಮಾಡಿದರೆ, ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ವಿನಾಯಿತಿ ಬೇಡ ಎಂಬುದು ಕಿಟುವಿನ ಹುಟ್ಟಿನಿಂದಲೂ ಇರುವ ಬೇಡಿಕೆ.

ಇನ್ನೊಂದು ತಪ್ಪು ತಿಳಿವಳಿಕೆ ಹೋಗಬೇಕು. ‘ನೀವು ಕಾರ್ಮಿಕರಲ್ಲ, ಎಕ್ಸಿಕ್ಯೂಟಿವ್’ ಎಂದು ಸೇರುವ ದಿನವೇ ಹೇಳಿಕೊಡುತ್ತಾರೆ. ಹುದ್ದೆಯ ಹೆಸರು ಏನೇ ಇರಲಿ, ಮಾಡುವ ಕೆಲಸ ಎಂಥದ್ದು ಎಂಬುದೇ ಮುಖ್ಯ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಕರೆ ಸ್ವೀಕರಿಸುವ ನೌಕರ ಕಾರ್ಮಿಕನೇ. 18,000 ರೂಪಾಯಿ ಮೇಲ್ಪಟ್ಟು ಪಗಾರ ಪಡೆಯುವ, ನಿಜವಾಗಿ ಮೇಲ್ವಿಚಾರಣೆ ಮಾಡುವವರು ಆ ವ್ಯಾಖ್ಯೆಯಿಂದ ಹೊರಗೆ. ಮನೆಯಲ್ಲಿ ‘ನಮ್ಮ ಹುಡುಗ ಕಾಮಗಾರ ಅಲ್ಲ, ಆಫೀಸರ್’ ಎಂದು ಹೇಳಿಕೊಳ್ಳುವ ಹೆಮ್ಮೆ ಹುಡುಗನ ಹಕ್ಕನ್ನೇ ತಿನ್ನಬಾರದು.

ಗಡಿ ಮಕ್ಕಳ ಹೆಚ್ಚಿನ ಕಷ್ಟ

ಸಂಘ ಬೆಳೆಯದಿರಲು ಎಲ್ಲರಿಗೂ ಇರುವ ಕಾರಣಗಳು ಇವರಿಗೂ ಇವೆ. ಹೆಸರು ಗೊತ್ತಾದರೆ ತೆಗೆದುಹಾಕುತ್ತಾರೆ, ಮುಂದಿನ ಕಂಪನಿಗೆ ಕೆಟ್ಟ ವರದಿ ಹೋಗುತ್ತದೆ ಎಂಬ ಹೆದರಿಕೆ. ಇದು ಹೇಗಿದ್ದರೂ ತಾತ್ಕಾಲಿಕ ನೌಕರಿ, ಸ್ಪರ್ಧಾ ಪರೀಕ್ಷೆ ಪಾಸಾದರೆ ಬಿಟ್ಟೇ ಬಿಡುತ್ತೇವೆ ಎಂಬ ಆಸೆ. ಆ ಆಸೆಯಲ್ಲೇ ನಾಲ್ಕೈದು ವರ್ಷ ಹೋಗುತ್ತದೆ.

ಗಡಿಭಾಗದವರಿಗೆ ಇದರ ಮೇಲೆ ಇನ್ನೊಂದು ತೊಡಕು. ಬೆಂಗಳೂರಿನಲ್ಲಿ ಅವರು ಮಹಾರಾಷ್ಟ್ರದವರು, ಪುಣೆಯಲ್ಲಿ ಕನ್ನಡದವರು. 2024ರ ಜುಲೈನಲ್ಲಿ ಕರ್ನಾಟಕ ಖಾಸಗಿ ನೌಕರಿಯಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಂಪುಟದಲ್ಲಿ ಒಪ್ಪಿಗೆ ನೀಡಿ, ಎರಡೇ ದಿನದಲ್ಲಿ ತಡೆಹಿಡಿಯಿತು. ಅದರಲ್ಲಿ ಸ್ಥಳೀಯ ಎಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಅಲ್ಲೇ ನೆಲೆಸಿ, ಕನ್ನಡ ಓದಿ ಬರೆದು ಮಾತಾಡಬಲ್ಲವರು ಎಂದಿತ್ತು. ಜತ್ತದ ಕನ್ನಡ ಶಾಲೆಯಲ್ಲಿ ಕಲಿತ ಹುಡುಗ ಮೂರನೆಯದರಲ್ಲಿ ಪಾಸು, ಮೊದಲೆರಡರಲ್ಲಿ ನಾಪಾಸು. ಅದೇ ತಿಂಗಳು ಅದೇ ಸರ್ಕಾರದ ಮೇಜಿನ ಮೇಲೆ ದುಡಿಮೆಯ ತಾಸು ಹೆಚ್ಚಿಸುವ ತಿದ್ದುಪಡಿಯೂ ಇತ್ತು. ನೌಕರಿಯಲ್ಲಿ ಪಾಲು ಕೊಡುವಾಗ ಹೊರಗಿನವ, ಹೆಚ್ಚು ತಾಸು ದುಡಿಸುವಾಗ ಎಲ್ಲರೊಳಗೊಬ್ಬ.

ಸಂಘದಲ್ಲಿ ಮಾತ್ರ ಈ ಲೆಕ್ಕ ಇಲ್ಲ. ಅಲ್ಲಿ ಹುಟ್ಟಿದ ಊರು ಕೇಳುವುದಿಲ್ಲ, ಎಲ್ಲಿ ದುಡಿಯುತ್ತೀ ಎಂದು ಕೇಳುತ್ತಾರೆ. ಆದರೆ ಸಂಘಗಳೂ ಒಂದು ಕೊರತೆ ತುಂಬಿಕೊಳ್ಳಬೇಕು. ಅವುಗಳ ಮಾತುಕತೆ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಚಿಂತೆ ಹೆಚ್ಚಾಗಿ ಸಾಫ್ಟ್‌ವೇರ್ ಎಂಜಿನಿಯರನದು. ಪ್ರಾದೇಶಿಕ ಭಾಷೆಯ ಪ್ರೊಸೆಸ್‌ನಲ್ಲಿ ಕಡಿಮೆ ಪಗಾರಕ್ಕೆ ದುಡಿಯುವವರ ಹತ್ತಿರ ಅವರ ಭಾಷೆಯಲ್ಲೇ ಹೋಗದಿದ್ದರೆ ಸದಸ್ಯರ ಸಂಖ್ಯೆ ಬೆಳೆಯುವುದು ಕಷ್ಟ.

ಹೊರದೇಶದಲ್ಲಿ ದಾರಿ ಇದೆ

ಕರೆಯ ಹೊರೆಗೆ ಮಿತಿ ಹಾಕಲು ಆಗುವುದೇ ಇಲ್ಲ ಎಂದೇನಿಲ್ಲ. ಬ್ರೆಜಿಲ್ ದೇಶ 2007ರಲ್ಲಿಯೇ ಫೋನ್ ಸೇವೆಯ ನೌಕರರಿಗೆಂದು ಪ್ರತ್ಯೇಕ ನಿಯಮ ಮಾಡಿತು. ದಿನಕ್ಕೆ 6 ತಾಸು, ವಾರಕ್ಕೆ 36 ತಾಸು ಮಾತ್ರ ಫೋನಿನ ಮುಂದೆ. ಆ 6 ತಾಸಿನೊಳಗೆ 10 ನಿಮಿಷದ ಎರಡು ಬಿಡುವು, ಊಟಕ್ಕೆ 20 ನಿಮಿಷ. ಶೌಚಕ್ಕೆ ಯಾವಾಗ ಬೇಕಾದರೂ ಏಳಬಹುದು, ಅದರಿಂದ ಪಗಾರ ಕಡಿಯುವಂತಿಲ್ಲ. ಬರೇ ಕಿವಿ, ಗಂಟಲು, ಮನಸ್ಸಿನಿಂದ ಮಾಡುವ ಕೆಲಸ ಸಾಮಾನ್ಯ ಕಚೇರಿ ಕೆಲಸಕ್ಕಿಂತ ಬೇರೆ ಎಂದು ಒಪ್ಪಿಕೊಂಡ ನಿಯಮ ಅದು.

2022ರ ಡಿಸೆಂಬರ್‌ನಲ್ಲಿ, ಭಾರತದಲ್ಲೂ ಕಚೇರಿಗಳಿರುವ ಟೆಲಿಪರ್ಫಾರ್ಮೆನ್ಸ್ ಎಂಬ ದೊಡ್ಡ ಕಾಲ್ ಸೆಂಟರ್ ಕಂಪನಿ ಯೂನಿ ಗ್ಲೋಬಲ್ ಯೂನಿಯನ್ ಜೊತೆ ಜಾಗತಿಕ ಒಪ್ಪಂದಕ್ಕೆ ಸಹಿ ಹಾಕಿತು. ಸಂಘ ಸೇರುವ ನೌಕರರ ಹಕ್ಕನ್ನು ಕಂಪನಿ ಅದರಲ್ಲಿ ಒಪ್ಪಿಕೊಂಡಿದೆ. 2005ರಲ್ಲಿ ಬೆಂಗಳೂರಿನ ಯುನೈಟ್ಸ್‌ಗೆ ಬೆನ್ನಾಗಿ ನಿಂತದ್ದೂ ಇದೇ ಯೂನಿ. ಕೆಲಸ ಕೊಡುವವರು ಜಗತ್ತಿನ ತುಂಬ ಹರಡಿರುವಾಗ ಕೆಲಸ ಮಾಡುವವರ ಸಂಘ ಒಂದು ಕಟ್ಟಡದೊಳಗೆ ಉಳಿದರೆ ಸಾಲದು ಎಂಬ ಪಾಠ ಅದರಲ್ಲಿದೆ.

ನಮ್ಮಲ್ಲೂ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆ ಕೆಲಸದ ತಾಸಿನ ಆಚೆ ಫೋನ್ ಎತ್ತದಿರುವ ಹಕ್ಕಿಗಾಗಿ ಲೋಕಸಭೆಯಲ್ಲಿ 2018ರಲ್ಲಿ, ಮತ್ತೆ 2025ರ ಡಿಸೆಂಬರ್‌ನಲ್ಲಿ ಖಾಸಗಿ ಮಸೂದೆ ಮಂಡಿಸಿದರು. ಖಾಸಗಿ ಮಸೂದೆಗಳು ಕಾನೂನಾಗುವುದು ಅಪರೂಪ. ಆದರೂ ಸಾಂಗ್ಲಿ, ಸೊಲ್ಲಾಪುರದ ಸಂಸದರ ಬಾಯಲ್ಲೂ ಈ ಮಾತು ಬರುವಂತೆ ಮತದಾರರು ಕೇಳಬಹುದು.

ಮನೆಯವರು ಮಾಡಬಹುದಾದದ್ದು

ಮೊದಲ ಕೆಲಸ ಕಾಗದ ಜೋಪಾನ. ನೇಮಕಾತಿ ಪತ್ರ, ಪಗಾರದ ಚೀಟಿ, ಪಿ.ಎಫ್. ನಂಬರು, ಇ.ಎಸ್.ಐ. ಕಾರ್ಡು, ಲಾಗಿನ್ ತಾಸಿನ ವಿವರ, ಟಾರ್ಗೆಟ್ ಕಳಿಸಿದ ಮೇಲ್ ಇವುಗಳ ಪ್ರತಿ ಮನೆಯಲ್ಲೊಂದು ಇರಲಿ. ಬಲವಂತದಿಂದ ರಾಜೀನಾಮೆ ಬರೆಸಿಕೊಂಡರು ಎಂದು ನಂತರ ಹೇಳಿದರೆ ಸಾಕ್ಷಿ ಬೇಕಾಗುತ್ತದೆ. ರಾಜೀನಾಮೆ ಬರೆಯುವ ಮುಂಚೆ ಸಂಘದವರನ್ನೋ ಕಾರ್ಮಿಕ ಅಧಿಕಾರಿಯನ್ನೋ ಕೇಳುವುದು ಒಳಿತು. ಕೆಲಸದಿಂದ ತೆಗೆದ ಪ್ರಕರಣವನ್ನು ಎರಡು ವರ್ಷದೊಳಗೆ ನ್ಯಾಯಮಂಡಳಿಗೆ ಒಯ್ಯಲು ಹೊಸ ಸಂಹಿತೆಯಲ್ಲಿ ಅವಕಾಶವಿದೆ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಪುಣೆಯಲ್ಲಿ ಕಾಮಗಾರ ಆಯುಕ್ತರ ಕಚೇರಿ ದೂರು ಕೊಡುವ ಜಾಗಗಳು.

ಎರಡನೆಯದು, ಮನೆಯ ಮಾತು ಬದಲಾಗಬೇಕು. ಮಗಳು ಫೋನ್ ಮಾಡಿ ‘ಆಗವಲ್ದು ಅವ್ವಾ’ ಎಂದರೆ, ‘ಎಲ್ಲಾರೂ ಮಾಡ್ತಾರ, ನಿನಗ ಏನಾಗೇದ’ ಎಂದು ಬಾಯಿ ಮುಚ್ಚಿಸುವುದು ಸುಲಭ. ಎಲ್ಲರಿಗೂ ಆಗುತ್ತಿಲ್ಲ ಎಂಬುದೇ ಸತ್ಯವಾಗಿರಬಹುದು. ಅದು ಒಬ್ಬರ ಸೋಲಲ್ಲ, ಹೊರೆ ಹೆಚ್ಚಾಗಿದೆ ಎಂಬುದರ ಲಕ್ಷಣ. ಸಂಘ ಸೇರುತ್ತೇನೆ ಎಂದ ಮಗನಿಗೆ ‘ಬೇಡಪ್ಪಾ, ಲಫಡಾದಾಗ ಬೀಳಬ್ಯಾಡ’ ಎನ್ನುವ ಮುಂಚೆ, ಟನ್ನಿನ ದರ ಹೆಚ್ಚಾಗಲು ಇದೇ ಊರುಗಳಿಂದ ಕಬ್ಬಿಗೆ ಹೋದವರ ಒಗ್ಗಟ್ಟೂ ಕಾರಣವೆಂಬುದನ್ನು ನೆನೆಯಬೇಕು.

ಮೂರನೆಯದು ಸಂಘಗಳ ಪಾಲಿನದು. ತಾಸಿನ ಹೋರಾಟದ ಜೊತೆಗೆ ಕರೆಯ ಲೆಕ್ಕವೂ ಬೇಡಿಕೆಯ ಪಟ್ಟಿಗೆ ಬರಬೇಕು: ಎರಡು ಕರೆಗಳ ನಡುವೆ ಉಸಿರಾಡಲು ಸಮಯ, ಬೈಯುವ ಗ್ರಾಹಕನ ಕರೆ ಕತ್ತರಿಸುವ ಹಕ್ಕು, ಎರಡು ಮೂರು ಭಾಷೆಯಲ್ಲಿ ದುಡಿಯುವವರಿಗೆ ಭಾಷಾ ಭತ್ಯೆ. ಕಡೆಯದು ಗಡಿ ಮಕ್ಕಳಿಗಾಗಿಯೇ ಕೇಳಬೇಕಾದದ್ದು. ಕರೆಗೆ ಉತ್ತರಿಸುವ ಕೆಲಸ ಯಂತ್ರಕ್ಕೇ ಕೊಡುವ ಮಾತು ಕಂಪನಿಗಳಲ್ಲಿ ಜೋರಾಗಿದೆ. ಸುಲಭದ ಕರೆ ಯಂತ್ರ ತೆಗೆದುಕೊಂಡರೆ ಮನುಷ್ಯನ ಪಾಲಿಗೆ ಉಳಿಯುವುದು ಸಿಟ್ಟಿನ, ಅಳುವಿನ, ಬಿಡಿಸಲಾರದ ಕರೆಗಳೇ. ಆಗ ಸಂಖ್ಯೆ ಕಡಿಮೆಯಾದರೂ ಭಾರ ಹೆಚ್ಚುತ್ತದೆ. ಆ ಭಾರಕ್ಕೆ ಮಿತಿ ಎಷ್ಟು ಎಂದು ಈಗಲೇ ಮೇಜಿನ ಮುಂದೆ ಕುಂತು ಗೊತ್ತು ಮಾಡಿಕೊಳ್ಳದಿದ್ದರೆ ಮುಂದೆ ಕೇಳಲು ಜನವೇ ಉಳಿಯಲಿಕ್ಕಿಲ್ಲ.